ಮನೆ-ಮಕ್ಕಳು: ಸಹಿ ಹಾಕಿದ ತಾಯಿ



ಈ ಸಲ ನಮ್ಮ ಕೈಸೇರಿದ ಪತ್ರಗಳಲ್ಲಿ ಒಂದು ಮೇಚೇರಿಯದು. ಸೇಲಂ ಜಿಲ್ಲೆಯ ಮೆಟ್ಟೂರು ಅಣೆಕಟ್ಟಿನ ಹತ್ತಿರದ ಈ ಊರು ತನ್ನ ಕುರಿ ತಳಿಗೆ ಹೆಸರಾದದ್ದು. ಪತ್ರ ಬರೆದ ಸೋದರಿ ಹಾಸನದ ಕಡೆಯಿಂದ ಮದುವೆಯಾಗಿ ಅಲ್ಲಿಗೆ ಹೋದವರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು. ಮಗಳು ಓದುವ ಶಾಲೆಯ ನಿರ್ವಹಣಾ ಸಮಿತಿಗೆ ಪೋಷಕರ ಪರವಾಗಿ ಇವರನ್ನು ಆರಿಸಿದ್ದಾರೆ. ವ್ಯಾಪಾರದ ವೇಳೆಯಾದ್ದರಿಂದ ಸಭೆಗೆ ಹೋಗಲು ಆಗುತ್ತಿರಲಿಲ್ಲ. ನಡಾವಳಿ ಪುಸ್ತಕವೇ ಮನೆಗೆ ಬರುತ್ತಿತ್ತು. ತೋರಿಸಿದ ಕಡೆ ಸಹಿ ಹಾಕಿ ಕಳುಹಿಸುತ್ತಿದ್ದರು. ತಮಿಳು ಮಾತನಾಡಬಲ್ಲರೇ ಹೊರತು ಓದಲು ಬಾರದು.

ಒಂದು ಸಂಜೆ ಏನು ತೋಚಿತೋ, "ಇದರಲ್ಲಿ ಏನಿದೆ ಓದು ಪುಟ್ಟಿ" ಎಂದು ಮಗಳ ಕೈಗೆ ಕೊಟ್ಟರಂತೆ. ಹುಡುಗಿ ಓದಿದಳು: ಹೆಣ್ಣು ಮಕ್ಕಳ ಶೌಚಾಲಯಕ್ಕೆ ನೀರಿನ ನಲ್ಲಿ ಹಾಕಿಸಿ, ಬಾಗಿಲು ಸರಿಪಡಿಸಲಾಗಿದೆ. "ಎಲ್ಲಮ್ಮಾ? ಬಾಗಿಲಿಗೆ ಚಿಲಕವೇ ಇಲ್ಲ" ಎಂದು ನಕ್ಕಳು. ಬೆಳಿಗ್ಗೆ ತಾವೇ ಸೋಸಿ, ಕಾಯಿಸಿ, ಆರಿಸಿ ತುಂಬಿಸಿದ ನೀರಿನ ಬಾಟಲಿ ದಿನವೂ ಹಾಗೇ ತುಂಬಿಕೊಂಡು ಮನೆಗೆ ಏಕೆ ಬರುತ್ತಿದೆ ಎಂಬುದು ತಾಯಿಗೆ ಅಂದು ತಿಳಿಯಿತು.

"ಕೇಳಿದರೆ ಮಗಳಿಗೆ ತೊಂದರೆ ಆದೀತೆಂಬ ಭಯ. ಕೇಳದಿದ್ದರೆ ಆ ಸುಳ್ಳಿನ ಕೆಳಗೆ ನನ್ನದೂ ಸಹಿ ಇದೆ. ಏನು ಮಾಡಲಿ?" ಎಂದು ಪತ್ರ ಮುಗಿಸಿದ್ದಾರೆ.

ತತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದೆಂದು ನಮ್ಮ ಪಾಠಶಾಲೆಯ ಮಕ್ಕಳೂ ಬಲ್ಲರು. ಸುಳ್ಳು ಬರಹ ಎಂದರೆ ಯಾರೋ ಕಳ್ಳ ದಸ್ತಾವೇಜು ಮಾಡುವವರ ಮಾತು ಎಂದುಕೊಂಡಿದ್ದೆವು. ಓದದೆ ಹಾಕಿದ ಸಹಿಯೂ ಅದರ ನೆರೆಮನೆಯದೇ. ಸೋದರಿಯನ್ನು ನೋಯಿಸಲು ಈ ಮಾತು ಹೇಳುತ್ತಿಲ್ಲ. ನಾವು ಹಾಕಿದ ಇಂಥ ಸಹಿಗಳ ಲೆಕ್ಕವೂ ನಮಗೆ ಗೊತ್ತಿಲ್ಲ.

ಇನ್ನು ಕಾನೂನಿನ ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯ 21ನೆಯ ಕಲಮಿನಂತೆ ಸರಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ-ತಾಯಿ ಅಥವಾ ಪೋಷಕರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು. ತಮಿಳುನಾಡಿನಲ್ಲಿ 2022ರಲ್ಲಿ ಸಮಿತಿಗಳನ್ನು ಹೊಸದಾಗಿ ರಚಿಸಿದಾಗ 20 ಜನರಲ್ಲಿ 15 ಮಂದಿ ಪೋಷಕರು. ಕರ್ನಾಟಕದಲ್ಲಿ ಈ ಕೆಲಸ ಇನ್ನೂ ಮೊದಲೇ, 2001ರಲ್ಲಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬ ಹೆಸರಿನಿಂದ ಆರಂಭವಾಗಿತ್ತು. ಶಾಲೆ ನಡೆಯುವ ರೀತಿಯನ್ನು ನೋಡುವುದು, ಅಭಿವೃದ್ಧಿಯ ಯೋಜನೆ ಬರೆಯುವುದು, ಬಂದ ಅನುದಾನ ಹೇಗೆ ಖರ್ಚಾಯಿತೆಂದು ಪರಿಶೀಲಿಸುವುದು, ಇವೆಲ್ಲ ಸಮಿತಿಯ ಕೆಲಸಗಳೆಂದು ಕಾಯಿದೆಯೇ ಹೇಳಿದೆ. ಆದ್ದರಿಂದ ತಂಗೀ, ನೀವು ಲೆಕ್ಕ ಕೇಳಿದರೆ ಅದು ಜಗಳವಲ್ಲ, ನಿಮಗೆ ಒಪ್ಪಿಸಿದ ಕೆಲಸ. ಒಬ್ಬರೇ ಹೋಗಬೇಡಿ. ಇನ್ನಿಬ್ಬರು ತಾಯಂದಿರನ್ನು ಕರೆದುಕೊಂಡು ಹೋಗಿ, ಮೊದಲು ಶೌಚಾಲಯವನ್ನು ಕಣ್ಣಾರೆ ನೋಡಿ, ಆಮೇಲೆ ಸಭೆಯಲ್ಲಿ ಬಿಲ್ಲು ತೋರಿಸಿ ಎಂದು ಕೇಳಿ. ಮಗಳ ಹೆಸರು ಎತ್ತಬೇಡಿ. ಪುಸ್ತಕವನ್ನು ಇನ್ನು ಮೇಲೆ ಮನೆಗೆ ತರಿಸಿಕೊಳ್ಳಬೇಡಿ. ಹೀಗೆಂದು ಉತ್ತರ ಬರೆದೆವು.

ಬರೆದ ಮೇಲೆ ನಮಗೇ ಒಂದು ಮುಜುಗರ. ನಾವೂ ಸಮಾಜದ ಒಂದು ವಿದ್ಯಾಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಕೂತವರೇ. 21ನೆಯ ಕಲಮು ಅನುದಾನರಹಿತ ಖಾಸಗಿ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಮಂಡಳಿಯಲ್ಲಿ ದಾನಿಗಳಿದ್ದೇವೆ, ದಾನಿಗಳ ಮಕ್ಕಳಿದ್ದೇವೆ. ಒಂದು ಸಭೆಯಲ್ಲಿ ಗೋಡೆಗೆ ಯಾವ ಬಣ್ಣ ಎಂಬುದಕ್ಕೆ ಒಂದು ಗಂಟೆ ಹಿಡಿಯಿತು. ಶಿಕ್ಷಕರ ಸಂಬಳದ ಠರಾವು ಎರಡು ನಿಮಿಷದಲ್ಲಿ ಪಾಸಾಯಿತು. ಶಿಕ್ಷಕರ ಪ್ರತಿನಿಧಿಯಾಗಿ ಬಂದಿದ್ದ ಮೇಡಂ ತುಟಿ ಬಿಚ್ಚಲಿಲ್ಲ. ಕಾಫಿಯ ಹೊತ್ತಿಗೆ ಏಕಮ್ಮ ಎಂದು ಕೇಳಿದೆವು. "ನನ್ನ ಸಂಬಳಕ್ಕೆ ಸಹಿ ಹಾಕುವವರ ಎದುರಿಗೆ ಏನು ಹೇಳಲಿ ಸಾರ್?" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಸಿ.ಬಿ.ಎಸ್.ಇ. ಮಾನ್ಯತೆಯ ನಿಯಮಗಳಲ್ಲಿ ಶಾಲೆಯ ವ್ಯವಸ್ಥಾಪನಾ ಸಮಿತಿಗೆ ಇಬ್ಬರು ಪೋಷಕರನ್ನೂ ಇಬ್ಬರು ಶಿಕ್ಷಕರನ್ನೂ ಸೇರಿಸಬೇಕೆಂದಿದೆ. ಕಾಗದದ ಮೇಲೆ ಸೇರಿಸುವುದು ಸುಲಭ. ಅಮೆರಿಕದ ಮಿನ್ನೆಸೋಟ ರಾಜ್ಯ 1991ರಲ್ಲಿ ಚಾರ್ಟರ್ ಶಾಲೆಗಳ ಕಾನೂನು ತಂದಿತು. ಸರಕಾರದ ಹಣ, ಆದರೆ ಆಡಳಿತ ಶಾಲೆಯದೇ ಮಂಡಳಿಯದು. ಆ ಮಂಡಳಿಯಲ್ಲಿ ಶಿಕ್ಷಕರದೇ ಬಹುಮತ ಇರಬೇಕೆಂದು ಮೊದಲ ಕಾನೂನು ಹೇಳಿತ್ತು. 2009ರಲ್ಲಿ ಅದನ್ನು ಸಡಿಲಿಸಿ, ಶಿಕ್ಷಕರು, ಪೋಷಕರು, ಊರಿನವರು ಮೂವರೂ ಇರಲೇಬೇಕು ಎಂದು ಮಾಡಿದರು. ಶಿಕ್ಷಕರದೇ ಬಹುಮತವಾದರೆ ತಮ್ಮ ಸಂಬಳವನ್ನು ತಾವೇ ನಿಶ್ಚಯಿಸಿದಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ್ದೇ. ಆದರೆ ಸಮವಸ್ತ್ರದ ಬಟ್ಟೆ ತಮ್ಮ ಅಂಗಡಿಯದೇ ಆಗಿರುವಾಗ ಅದರ ದರ ನಿಶ್ಚಯಿಸುವ ಸಭೆಯಲ್ಲಿ ಕದಲದೆ ಕೂರುವ ನಮ್ಮ ಬಂಧುಗಳನ್ನು ಇದೇ ಪ್ರಶ್ನೆ ಯಾರೂ ಕೇಳುವುದಿಲ್ಲ. ವ್ಯಾಪಾರಸ್ಥರ ಸಮಾಜ ನಮ್ಮದು, ಇದು ನಮಗೆ ಅರ್ಥವಾಗದ ವಿಷಯವೇನಲ್ಲ. ಆ ಹತ್ತು ನಿಮಿಷ ಎದ್ದು ಹೊರಗೆ ಹೋದರೆ ಯಾರ ಮಾನವೂ ಹೋಗದು.

ಮೇಚೇರಿಯಿಂದ ಉತ್ತರಕ್ಕೆ ಧರ್ಮಪುರಿ, ಹಿಂದಿನ ತಗಡೂರು. ಅಲ್ಲಿಯ ಕ್ರಿ.ಶ. 893ರ ಕನ್ನಡ ಶಾಸನದಲ್ಲಿ ನಿಧಿಯಣ್ಣ, ಚಂಡಿಯಣ್ಣ ಎಂಬ ಅಣ್ಣತಮ್ಮಂದಿರ ಮಾತು ಬರುತ್ತದೆ. ತಗಡೂರಿನಲ್ಲಿ ಬಸದಿ ಕಟ್ಟಿಸಿದರು. ನೊಳಂಬ ದೊರೆ ಮಹೇಂದ್ರನಿಂದ ದೊರೆತ ಹಳ್ಳಿಯನ್ನು ಬಸದಿಯ ಜೀರ್ಣೋದ್ಧಾರಕ್ಕೆಂದು ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿದರು. ಕಟ್ಟಿಸಿದವರು ತಾವು, ನೋಡಿಕೊಳ್ಳುವ ಅಧಿಕಾರ ಇನ್ನೊಬ್ಬರ ಕೈಯಲ್ಲಿ. ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ, ಇಬ್ಬರು ಪೋಷಕರನ್ನೂ ಇಬ್ಬರು ಶಿಕ್ಷಕರನ್ನೂ ಪೋಷಕರು, ಶಿಕ್ಷಕರೇ ಆರಿಸಲಿ, ನಾವು ಹೆಸರು ಸೂಚಿಸುವುದು ಬೇಡ ಎಂದು ಠರಾವು ಮಂಡಿಸುವವರಿದ್ದೇವೆ. ಅನುಮೋದಿಸುವವರು ಸಿಕ್ಕುತ್ತಾರೋ ಇಲ್ಲವೋ ನೋಡಬೇಕು.

ಈ ಅಂಕಣ ಅಚ್ಚಿಗೆ ಹೋಗುವ ಮೊದಲು ಸೋದರಿಯ ಎರಡನೆಯ ಪತ್ರ ಬಂತು. ಮೂವರು ತಾಯಂದಿರು ಹೋಗಿದ್ದರಂತೆ. ಬಿಲ್ಲು ಇನ್ನೂ ತೋರಿಸಿಲ್ಲ, ಮುಂದಿನ ತಿಂಗಳು ಎಂದಿದ್ದಾರೆ. ಆದರೆ ಮೂರನೆಯ ದಿನ ಬಾಗಿಲಿಗೆ ಚಿಲಕ ಬಂದಿದೆ. ನಲ್ಲಿ ಬಂದಿಲ್ಲ. "ಈ ಸಲದ ಪುಸ್ತಕದಲ್ಲಿ ಚಿಲಕ ಬಂದಿದೆ, ನಲ್ಲಿ ಇಲ್ಲ ಎಂದು ಬರೆಸಿಯೇ ಸಹಿ ಹಾಕಿದೆ. ಮಗಳಿಂದ ತಮಿಳು ಅಕ್ಷರ ಕಲಿಯುತ್ತಿದ್ದೇನೆ" ಎಂದು ಬರೆದಿದ್ದಾರೆ.