ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು



ಎಲ್ಲಾದರೂ ಹೆಲಿಕಾಪ್ಟರ್ ಬಿತ್ತು ಅಂತ ಸುದ್ದಿ ಬಂದರೆ ಸಾಕು, ನಮ್ಮೂರ ಅರಳೀಕಟ್ಟೆ ಮೇಲೆ ತನಿಖೆ ಶುರುವಾಗುತ್ತದೆ. ಒಬ್ಬರು ಬಾಂಬ್ ಇಟ್ಟಿದ್ರು ಅನ್ನುತ್ತಾರೆ. ಇನ್ನೊಬ್ಬರು ಇಂಜಿನ್ ಕೆಟ್ಟಿತ್ತು ಅನ್ನುತ್ತಾರೆ. ಮತ್ತೊಬ್ಬರು ಎಲ್ಲಾ ಪೈಲಟ್‌ದೇ ತಪ್ಪು ಅಂತ ತೀರ್ಪು ಕೊಟ್ಟು ಟವೆಲ್ ಕೊಡವಿ ಎದ್ದು ಹೋಗುತ್ತಾರೆ. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ನೀಲಗಿರಿ ಬೆಟ್ಟ. ಆ ಬೆಟ್ಟದ ಕೂನೂರಿನ ಹತ್ತಿರ ೨೦೨೧ರ ಡಿಸೆಂಬರ್ ೮ರಂದು ವಾಯುಪಡೆಯ ಎಂಐ-೧೭ ಹೆಲಿಕಾಪ್ಟರ್ ಬಿತ್ತು. ಅದರಲ್ಲಿ ನಮ್ಮ ದೇಶದ ಮೊದಲನೇ ರಕ್ಷಣಾ ಪಡೆಗಳ ಮುಖ್ಯಸ್ಥರಾದ ಜನರಲ್ ಬಿಪಿನ್ ರಾವತ್, ಅವರ ಪತ್ನಿ ಮಧುಲಿಕಾ ಅವರೂ ಸೇರಿ ಒಟ್ಟು ೧೪ ಜನ ಇದ್ದರು. ಸೂಲೂರಿನಿಂದ ೧೧ ಗಂಟೆ ೪೮ ನಿಮಿಷಕ್ಕೆ ಹೊರಟು ೧೨.೧೫ಕ್ಕೆ ವೆಲ್ಲಿಂಗ್ಟನ್‌ನಲ್ಲಿ ಇಳಿಯಬೇಕಿತ್ತು. ಆದರೆ ೧೨.೦೮ಕ್ಕೆ ಸಂಪರ್ಕ ತಪ್ಪಿತು. ೧೩ ಜನ ಅಂದೇ ತೀರಿಕೊಂಡರು. ಬದುಕಿ ಉಳಿದಿದ್ದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಅವರೂ ನಮ್ಮ ಬೆಂಗಳೂರಿನ ಆಸ್ಪತ್ರೆಯಲ್ಲಿ ಡಿಸೆಂಬರ್ ೧೫ರಂದು ಕಣ್ಣು ಮುಚ್ಚಿದರು.

ಬೆಟ್ಟದಲ್ಲಿ ತನಿಖೆ ಮಾಡುವುದು ಬಯಲಿನಲ್ಲಿ ಮಾಡಿದಷ್ಟು ಸುಲಭವಲ್ಲ. ಮೊದಲು ಬಿದ್ದ ಜಾಗವೇ ಸಿಗಬೇಕು. ೨೦೦೯ರ ಸೆಪ್ಟೆಂಬರ್ ೨ರಂದು ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರ್ ನಲ್ಲಮಲ ಕಾಡಿನ ಬೆಟ್ಟಕ್ಕೆ ಬಡಿದಾಗ, ಅದು ಎಲ್ಲಿದೆ ಅಂತ ಗೊತ್ತಾಗಿದ್ದೇ ಮಾರನೇ ದಿನ. ಜಾಗ ಸಿಕ್ಕಿದರೂ ಮರ, ಇಳಿಜಾರು, ಮಂಜು. ಚೂರುಗಳು ಎಲ್ಲೆಲ್ಲೋ ಚೆಲ್ಲಿರುತ್ತವೆ, ಬೆಂಕಿಯಲ್ಲಿ ಸುಟ್ಟಿರುತ್ತವೆ. ಕೂನೂರಿನಲ್ಲಿ ಬಿದ್ದ ಜಾಗ ಬೇಗ ಸಿಕ್ಕಿತು. ಹತ್ತಿರದ ನಂಜಪ್ಪಛತ್ರಂ ಊರಿನ ಜನ ಮೊದಲು ಓಡಿ ಬಂದರು. ಗಾಯಗೊಂಡವರನ್ನು ಸಾಗಿಸಲು ತಮ್ಮ ಮನೆಯ ಕಂಬಳಿಗಳನ್ನೇ ಕೊಟ್ಟರು.

ಮಾರನೇ ದಿನ ಬ್ಲ್ಯಾಕ್ ಬಾಕ್ಸ್ ಸಿಕ್ಕಿತು. ಹೆಸರು ಕಪ್ಪು ಪೆಟ್ಟಿಗೆ ಅಂತ ಇದ್ದರೂ ಅದರ ಬಣ್ಣ ಕಿತ್ತಳೆ! ಕಾಡಿನಲ್ಲಿ ಬೇಗ ಕಣ್ಣಿಗೆ ಬೀಳಲಿ ಅಂತ ಹಾಗೆ ಬಳಿದಿರುತ್ತಾರೆ. ಎಷ್ಟು ಎತ್ತರ, ಎಷ್ಟು ವೇಗ ಅಂತ ಒಂದು ಯಂತ್ರ ಬರೆದುಕೊಳ್ಳುತ್ತದೆ. ಪೈಲಟ್‌ಗಳ ಮಾತನ್ನು ಇನ್ನೊಂದು ಹಿಡಿದಿಡುತ್ತದೆ. ಏರ್ ಮಾರ್ಷಲ್ ಮಾನವೇಂದ್ರ ಸಿಂಗ್ ಅವರ ಮುಂದಾಳತ್ವದಲ್ಲಿ ಮೂರೂ ಸೇನೆಯವರು ಸೇರಿ ಇದನ್ನೆಲ್ಲ ಪರೀಕ್ಷಿಸಿದರು, ಕಂಡವರನ್ನು ಕೇಳಿದರು.

೨೦೨೨ರ ಜನವರಿ ೧೪ರಂದು ಮೊದಲ ಫಲಿತಾಂಶ ಹೊರಬಂತು. ಯಂತ್ರ ಕೆಟ್ಟಿರಲಿಲ್ಲ. ಯಾರೂ ಸಂಚು ಮಾಡಿರಲಿಲ್ಲ. ನಿರ್ಲಕ್ಷ್ಯವೂ ಅಲ್ಲ. ಕಣಿವೆಯಲ್ಲಿ ಹವೆ ಇದ್ದಕ್ಕಿದ್ದಂತೆ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೋಯಿತು. ಪೈಲಟ್‌ಗೆ ದಿಕ್ಕು ತಪ್ಪಿತು. ಅರಳೀಕಟ್ಟೆಯ ಬಾಂಬೂ ಹೋಯಿತು, ಕೆಟ್ಟ ಇಂಜಿನ್ನೂ ಹೋಯಿತು!

ದಿಕ್ಕು ತಪ್ಪುವುದು ಅಂದರೆ ಏನು? ನಾವು ಮೈದಾನದಲ್ಲಿ ಗಿರಗಿರ ತಿರುಗಿ ನಿಂತರೆ ನೆಲವೇ ತಿರುಗಿದ ಹಾಗೆ ಆಗುತ್ತದಲ್ಲ, ಕಿವಿಯೊಳಗಿನ ನೀರು ಮಾಡುವ ಮೋಸ ಅದು. ಮೋಡದೊಳಗೆ ಆಕಾಶ, ನೆಲ ಎರಡೂ ಕಾಣದಿದ್ದರೆ ಕಣ್ಣು ಸಹಾಯ ಮಾಡುವುದಿಲ್ಲ. ಆಗ ಓರೆಯಾಗಿ ಹೋಗುತ್ತಿದ್ದರೂ ನೆಟ್ಟಗೆ ಹೋಗುತ್ತಿದ್ದೇವೆ ಅಂತ ಅನ್ನಿಸಬಹುದು. ಯಂತ್ರ ಸರಿಯಾಗಿ ಓಡುತ್ತಿದ್ದರೂ ಬೆಟ್ಟಕ್ಕೆ ಬಡಿಯುವುದು ಹೀಗೆ.

ಇನ್ನು ನನ್ನ ಮುಖ್ಯ ಮಾತು. ೨೦೨೪ರ ಡಿಸೆಂಬರ್‌ನಲ್ಲಿ ಲೋಕಸಭೆಯ ಮುಂದೆ ಒಂದು ಸಮಿತಿಯ ವರದಿ ಬಂತು. ೨೦೧೭ರಿಂದ ೨೦೨೨ರವರೆಗೆ ವಾಯುಪಡೆಗೆ ಆದ ೩೪ ಅಪಘಾತಗಳ ಪಟ್ಟಿ ಅದರಲ್ಲಿತ್ತು. ಕೂನೂರಿನ ಅಪಘಾತದ ಮುಂದೆ ಕಾರಣ 'ಮಾನವ ತಪ್ಪು' ಅಂತ ಇತ್ತು. ಇದನ್ನು ಓದಿ ಕೆಲವರು 'ನೋಡಿದ್ರಾ, ನಾವು ಅವತ್ತೇ ಹೇಳಿರಲಿಲ್ವಾ' ಅಂದರು. ಆದರೆ ತಪ್ಪು ಬೇರೆ, ನಿರ್ಲಕ್ಷ್ಯ ಬೇರೆ. ನಿರ್ಲಕ್ಷ್ಯ ಅಂದರೆ ಗೊತ್ತಿದ್ದೂ ಅಸಡ್ಡೆ ಮಾಡುವುದು. ತಪ್ಪು ಎಷ್ಟೇ ಎಚ್ಚರದಿಂದ ಇರುವವರಿಂದಲೂ ಆಗುತ್ತದೆ. ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆಯುವವರೂ ಒಂದೊಂದು ದಿನ ಕೂಡುವುದನ್ನು ಕಳೆಯುತ್ತಾರೆ.

ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಒಬ್ಬ ಹುಡುಗ ಜಾರಿ ಬಿದ್ದ ಅಂತ ಇಟ್ಟುಕೊಳ್ಳಿ. 'ಅವನು ನೋಡಿ ನಡೀಬೇಕಿತ್ತು' ಅಂತ ಹೇಳಿ ಸುಮ್ಮನಾದರೆ ಪಾಚಿ ಅಲ್ಲೇ ಇರುತ್ತದೆ. ನಾಳೆ ಇನ್ನೊಬ್ಬಳು ಬೀಳುತ್ತಾಳೆ. ಆದ್ದರಿಂದ 'ಮಾನವ ತಪ್ಪು' ಅಂತ ಬರೆದ ಕೂಡಲೇ ತನಿಖೆ ಮುಗಿಯಬಾರದು. ಆ ತಪ್ಪು ಯಾಕಾಯಿತು? ಕಣಿವೆಯ ಮಂಜಿನ ಸುದ್ದಿ ಪೈಲಟ್‌ಗೆ ಬೇಗ ಮುಟ್ಟುವ ಹಾಗೆ ಮಾಡಬಹುದೇ? ಮಂಜು ಕವಿದರೆ ತಕ್ಷಣ ಹಿಂದಕ್ಕೆ ತಿರುಗು, ಒಳಗೆ ಎಷ್ಟು ದೊಡ್ಡವರು ಕೂತಿದ್ದರೂ ಸರಿ, ತಡವಾದರೂ ಸರಿ ಅಂತ ಪೈಲಟ್‌ಗೆ ಧೈರ್ಯ ಕೊಡಬಹುದೇ? ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕಿ ನಮ್ಮಂಥವರಿಗೂ ತಿಳಿಯುವ ಮಾತಿನಲ್ಲಿ ಹೇಳಬೇಕು. ಹೋದ ೧೪ ಜನ ವಾಪಸ್ಸು ಬರುವುದಿಲ್ಲ. ಆದರೆ ಅವರ ಸಾವಿನಿಂದ ಕಲಿತ ಪಾಠ ಇನ್ನೊಂದು ಹೆಲಿಕಾಪ್ಟರನ್ನು ಉಳಿಸಬಹುದು.

ನಾವು ಮಕ್ಕಳು ಏನು ಮಾಡಬಹುದು ಅಂತ ಕೇಳಬಹುದು. ಯಾವುದೇ ಅಪಘಾತದ ಜಾಗದಲ್ಲಿ ಬಿದ್ದ ಚೂರನ್ನು ಮುಟ್ಟಬಾರದು, ಆಟಕ್ಕೆ ಅಂತ ಮನೆಗೆ ತರಬಾರದು. ಒಂದು ಸಣ್ಣ ತುಂಡಿನಲ್ಲೇ ಕಾರಣ ಇರಬಹುದು. ಕಂಡಿದ್ದನ್ನು ಕಂಡಷ್ಟೇ ಹೇಳಬೇಕು. ಕೇಳಿದ್ದನ್ನು ಕಂಡೆ ಅನ್ನಬಾರದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಹಾಗಿದ್ದ ಮೇಲೆ, ಕಾಣದೇ ಇದ್ದದ್ದಕ್ಕೆ ಅರಳೀಕಟ್ಟೆ ಮೇಲೆ ಕೂತು ತೀರ್ಪು ಕೊಡಬಹುದೇ? ನೀವೇ ಹೇಳಿ.

ಇಂತಿ ನಿಮ್ಮ ಗೆಳತಿ,
೭ನೇ ತರಗತಿ