ದಿನ ತುಂಬುವ ಹೊತ್ತು

ನಮ್ಮ ಮಾತಿನಲ್ಲಿ ದಿನಗಳು ಸಾಮಾನ್ಯವಾಗಿ ಕಳೆಯುತ್ತವೆ. ಬೇಸಗೆ ಕಳೆಯುತ್ತದೆ, ಹಬ್ಬ ಕಳೆಯುತ್ತದೆ, ಪರೀಕ್ಷೆ ಕಳೆಯುತ್ತದೆ. ಬಸುರಿಗೆ ಮಾತ್ರ ದಿನಗಳು ತುಂಬುತ್ತವೆ. ಸಾಯುವವರ ವಿಷಯದಲ್ಲಿಯೂ ದಿನ ತುಂಬಿತೆನ್ನುವುದು ಉಂಟು. ಜೀವ ಬರುವುದಕ್ಕೂ ಹೋಗುವುದಕ್ಕೂ ನಮ್ಮ ಹಿರಿಯರು ಒಂದೇ ಕೊಳಗವನ್ನು ಇಟ್ಟಿದ್ದರೆಂದು ತೋರುತ್ತದೆ. ಅದು ಹೇಗಾದರೂ ಇರಲಿ. ಈಚೆಗೆ ನಮ್ಮ ವಿಭಾಗದ ಕಿರಿಯ ಅಧ್ಯಾಪಿಕೆಯೊಬ್ಬರು ಹೆರಿಗೆಯ ರಜೆಗೆ ಅರ್ಜಿ ಬರೆಯುತ್ತ, ಕೂಸು ಬರುವವರೆಗೆ ‘ಹೊತ್ತು ಕಳೆಯುವುದಕ್ಕೆ’ ಏನು ಓದಬಹುದೆಂದು ಕೇಳಿದರು. ಆಗ ಈ ಎರಡು ಕ್ರಿಯಾಪದಗಳ ನಡುವಣ ದೂರ ನನ್ನ ಮನಸ್ಸಿಗೆ ಬಂದಿತು. ತುಂಬಬೇಕಾದ ದಿನಗಳನ್ನು ಕಳೆಯಬೇಕಾದ ದಿನಗಳೆಂದು ನಾವು ಯಾವಾಗಿನಿಂದ ಎಣಿಸತೊಡಗಿದೆವು?

ಪುಸ್ತಕದ ಮಾತು ಮುಗಿಯುವ ಮೊದಲೇ ಕೊಠಡಿಯಲ್ಲಿದ್ದ ಹಿರಿಯರೊಬ್ಬರು ಬುದ್ಧಿವಾದಕ್ಕೆ ತೊಡಗಿದರು. “ಈಗಲೇ ಯಾಕಮ್ಮ ರಜೆ ಹಾಕುತ್ತೀಯೆ? ಆಗುವಷ್ಟು ದಿನ ಬಾ. ಮನೆಯಲ್ಲಿ ಕುಳಿತು ಗೋಡೆ ನೋಡುವುದಕ್ಕೆ ರಜೆ ಬೇಕೆ? ಮಗು ಬಂದ ಮೇಲೆ ಒಂದೊಂದು ದಿನವೂ ಬಂಗಾರ.” ಹೇಳಿದವರು ಇಬ್ಬರು ಮಕ್ಕಳನ್ನು ಹೆತ್ತು ಸಾಕಿದ ತಾಯಿ; ಅವರ ಮಾತಿನಲ್ಲಿ ಅಕ್ಕರೆಯಿತ್ತೇ ಹೊರತು ಕುಹಕವಿರಲಿಲ್ಲ. ಅವರ ಲೆಕ್ಕವೂ ತಪ್ಪಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿ 26 ವಾರಗಳ ಸಂಬಳಸಹಿತ ರಜೆಯನ್ನು ಕೊಟ್ಟಿತು. ಅದರಲ್ಲಿ ಹೆಚ್ಚೆಂದರೆ 8 ವಾರಗಳನ್ನು ಹೆರಿಗೆಗೆ ಮುನ್ನ ತೆಗೆದುಕೊಳ್ಳಬಹುದು. ಆಗಲೇ ಇಬ್ಬರು ಮಕ್ಕಳಿರುವವಳಿಗೆ 12 ವಾರ; ಮುನ್ನ 6. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ಎಣಿಕೆಯನ್ನು ಉಳಿಸಿಕೊಂಡಿದೆ. ಸರ್ಕಾರಿ ನೌಕರಿಯಲ್ಲಿರುವವಳಿಗೆ 180 ದಿನ. ಎಲ್ಲ ಕಡೆಯೂ ಗಂಟು ಒಂದೇ. ಮುನ್ನ ಬಿಚ್ಚಿದಷ್ಟು ಅನಂತರಕ್ಕೆ ಕಡಿಮೆ. ಹೀಗಿರುವಾಗ ತಾಯಿಯಾಗತಕ್ಕವಳು ತನ್ನ ವಿಶ್ರಾಂತಿಯನ್ನು ಮಗುವಿನ ಪಾಲಿನಿಂದ ಕದ್ದಂತೆ ಭಾವಿಸುವುದು ಸಹಜ. ಕಾಲು ಬಾತು, ಸೊಂಟ ನೋಯುತ್ತ, ಮೌಲ್ಯಮಾಪನದ ಕೊಠಡಿಯಲ್ಲಿ ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಕುಳಿತಿರುವ ತುಂಬು ಬಸುರಿಯರನ್ನು ನಾನು ಅನೇಕ ಸಲ ಕಂಡಿದ್ದೇನೆ. ಅವರನ್ನು ಯಾರೂ ಬಲವಂತಪಡಿಸಿರಲಿಲ್ಲ. ಆ ಎಣಿಕೆಯೇ ಬಲವಂತಪಡಿಸಿತ್ತು.

ಕಾನೂನಿನ ಒಳಗಿರುವ ಒಂದು ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಹೆರಿಗೆಯಾದ ಮೇಲಿನ 6 ವಾರ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಳ್ಳಲೇಕೂಡದೆಂದು ಅದು ಮಾಲೀಕನಿಗೆ ವಿಧಿಸುತ್ತದೆ. ಹೆರಿಗೆಯ ಮುನ್ನ ಅಂಥ ವಿಧಿಯಿಲ್ಲ. ಕೊನೆಯ ವಾರಗಳಲ್ಲಿ ಶ್ರಮದ ಕೆಲಸವನ್ನಾಗಲಿ ಬಹಳ ಹೊತ್ತು ನಿಂತು ಮಾಡುವ ಕೆಲಸವನ್ನಾಗಲಿ ಅವಳಿಂದ ಮಾಡಿಸಬಾರದೆಂಬ ಮಾತೇನೋ ಇದೆ. ಆದರೆ ಅವಳು ಕೇಳಿಕೊಂಡರೆ ಮಾತ್ರ. ಪಾಠ ಹೇಳುವುದು ನಿಂತು ಮಾಡುವ ಕೆಲಸವಷ್ಟೆ. ಹಾಗೆ ಕೇಳಿಕೊಂಡ ಅಧ್ಯಾಪಿಕೆಯರು ಎಷ್ಟು ಮಂದಿ? ಕೇಳಿಕೊಳ್ಳಬಹುದೆಂದು ತಿಳಿದವರಾದರೂ ಎಷ್ಟು ಮಂದಿ? 1928ರಲ್ಲಿ ಮುಂಬಯಿಯ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿ ಮಾತನಾಡಿದ ಡಾ. ಅಂಬೇಡ್ಕರರು, ಹೆರಿಗೆಯ ಮುನ್ನವೂ ಅನಂತರವೂ ತಾಯಿಗೆ ವಿಶ್ರಾಂತಿ ದೊರೆಯುವುದು ದೇಶದ ಹಿತಕ್ಕೆ ಸೇರಿದ ಸಂಗತಿಯೆಂದು ವಾದಿಸಿದ್ದರು. ಅವರ ಕಣ್ಣ ಮುಂದಿದ್ದವರು ಕಾರ್ಖಾನೆಯ ಹೆಂಗಸರು. ‘ಅನಂತರ’ ಎಂಬುದನ್ನು ನಾವು ಉಳಿಸಿಕೊಂಡೆವು. ‘ಮುನ್ನ’ ಎಂಬುದನ್ನು ಅವಳ ಸಂಕೋಚಕ್ಕೆ ಬಿಟ್ಟೆವು.

ಹಳೆಯ ಸಂಪ್ರದಾಯ ಈ ವಾರಗಳಿಗೆ ಒಂದು ಸ್ಥಳವನ್ನೇ ಗೊತ್ತುಮಾಡಿತ್ತು. ಅದು ತವರು. ಚೊಚ್ಚಲ ಬಸುರಿಗೆ ಸೀಮಂತ. ಉತ್ತರ ಕರ್ನಾಟಕದ ಕಡೆ ಕುಬಸ. ಹಸಿರು ಬಳೆ, ಹಸಿರು ಸೀರೆ, ಮಡಿಲಕ್ಕಿ, ಬಯಕೆಯ ಊಟ, ಆಮೇಲೆ ತವರಿನ ದಾರಿ. ಅಲ್ಲಿ ಅವಳಿಗೆ ಸೊಸೆಯ ಕೆಲಸವಿಲ್ಲ. ಹಾಗೆಂದು ಕೈ ಸುಮ್ಮನಿರುತ್ತಿರಲಿಲ್ಲ. ಅಜ್ಜಿಯ ಸೀರೆ, ತಂದೆಯ ಧೋತ್ರ ಮೊದಲಾದ ಹಳೆಯ ಬಟ್ಟೆಗಳನ್ನು ಒಗೆದು, ಬಿಸಿಲಿಗೆ ಹಾಕಿ, ಪದರಪದರವಾಗಿ ಹಾಸಿ, ಕೂಸಿಗೆಂದು ಕೌದಿ ಹೊಲಿಯುವ ಕೆಲಸ ನಡೆಯುತ್ತಿತ್ತು. ಹೆರಿಗೆಗೆ ಮುನ್ನ ಹೊಸ ಅಂಗಿ ಹೊಲಿಸಬಾರದು, ತೊಟ್ಟಿಲು ಕಟ್ಟಬಾರದು ಎಂಬ ನಿಷೇಧ ಅನೇಕ ಮನೆಗಳಲ್ಲಿತ್ತು, ಇಂದಿಗೂ ಇದೆ. ಇದನ್ನು ಮೂಢನಂಬಿಕೆಯೆಂದು ನಗುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಕೂಸು ಉಳಿಯುವ ಭರವಸೆಯಿಲ್ಲದಿದ್ದ ಕಾಲದಲ್ಲಿ, ತೊಡುವವರಿಲ್ಲದೆ ಉಳಿದ ಹೊಸ ಅಂಗಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಡಬೇಕಾದವಳು ಆ ತಾಯಿಯೇ. ಕೌದಿಯಾದರೋ ಮನೆಯಲ್ಲಿ ಯಾರಿಗಾದರೂ ಆದೀತು. ಕಾಯುವ ಹೆಣ್ಣಿನ ಭಯವನ್ನು ಬಲ್ಲವರು ಮಾಡಿದ ಏರ್ಪಾಡು ಅದು. ಆಸೆಯಿಂದ ಹೊಲಿಯಬೇಕು, ಆದರೆ ಆಸೆಯ ಹೆಸರು ಹೇಳಬಾರದು.

ತವರನ್ನು ಹೊಗಳುವುದರಲ್ಲಿ ನಮಗೆ ದಣಿವಿಲ್ಲ. ಆದರೂ ಸತ್ಯವನ್ನು ಹೇಳಬೇಕು. ಆ ವಿಶ್ರಾಂತಿ ಚೊಚ್ಚಲಿಗೆ ಮಾತ್ರ. ಎರಡನೆಯದಕ್ಕೂ ಮೂರನೆಯದಕ್ಕೂ ಅದೇ ಒಲೆ, ಅದೇ ಬಾವಿ. ತವರು ಬಡವಾದವಳಿಗೆ, ತವರೇ ಇಲ್ಲದವಳಿಗೆ ಮೊದಲನೆಯದಕ್ಕೂ ಇಲ್ಲ. ಅದನ್ನು ಹಾಗೆಯೇ ಮರಳಿ ತರಬೇಕೆಂದು ನಾನು ಹೇಳಲಾರೆ. ಆ ವಾರಗಳನ್ನು ಮುಂದಿನ ಬಾಣಂತನದ ಲೆಕ್ಕದಿಂದ ಕಳೆಯದೆ, ಬೇರೆಯಾಗಿಯೇ ಅವಳಿಗೆ ಬಿಟ್ಟುಕೊಡುವ ತಿಳಿವಳಿಕೆ ಅದರಲ್ಲಿತ್ತೆಂಬುದನ್ನು ಮಾತ್ರ ಒಪ್ಪಬೇಕು.

ಈ ಹೊತ್ತಿನ ಚಿತ್ರವನ್ನು ಸಾಹಿತ್ಯದಲ್ಲಿ ಅರಸುವವರಿಗೆ ಭವಭೂತಿಯ ‘ಉತ್ತರರಾಮಚರಿತ’ದ ಮೊದಲನೆಯ ಅಂಕಕ್ಕಿಂತ ಉತ್ತಮವಾದುದು ದೊರೆಯುವುದು ಕಷ್ಟ. ವಿದ್ಯಾರ್ಥಿಗಳು ಅದನ್ನು ಕರುಣರಸದ ಪೀಠಿಕೆಯೆಂದು ಓದುತ್ತಾರೆ. ಬಿಡುವು ಮಾಡಿಕೊಂಡು ಮತ್ತೊಮ್ಮೆ ಓದಿದರೆ, ದಿನ ತುಂಬುತ್ತಿರುವ ಹೆಣ್ಣೊಬ್ಬಳು ಮನೆಯಲ್ಲಿ ಒಂದು ಹೊತ್ತನ್ನು ಹೇಗೆ ಕಳೆದಳೆಂಬುದೇ ಅದರ ವಸ್ತುವೆಂದು ಕಾಣುತ್ತದೆ. ಅತ್ತೆಯರು, ಅರುಂಧತಿ, ವಸಿಷ್ಠರು ಎಲ್ಲರೂ ಋಷ್ಯಶೃಂಗನ ಯಾಗಕ್ಕೆ ಹೋಗಿದ್ದಾರೆ. ಜನಕನೂ ಊರಿಗೆ ಹಿಂತಿರುಗಿದ್ದಾನೆ; ತಂದೆ ಹೋದನೆಂದು ಸೀತೆ ಖಿನ್ನಳಾಗಿದ್ದಾಳೆ. ಯಾಗದ ಮನೆಯಿಂದ ಅಷ್ಟಾವಕ್ರ ಸಂದೇಶ ತರುತ್ತಾನೆ: ಗರ್ಭ ಬಲಿತಿರುವುದರಿಂದ ನಿನ್ನನ್ನು ಕರೆತರಲಿಲ್ಲ, ನಿನ್ನ ಮನಸ್ಸನ್ನು ರಂಜಿಸುವುದಕ್ಕಾಗಿಯೇ ರಾಮನನ್ನು ಅಲ್ಲಿ ಬಿಟ್ಟಿದ್ದೇವೆ, ಅವಳ ಬಯಕೆ ಯಾವುದಿದ್ದರೂ ತಡಮಾಡದೆ ಸಲ್ಲಿಸತಕ್ಕದ್ದು. ಅಯೋಧ್ಯೆಯ ಅರಸನಿಗೆ ಆ ದಿನಗಳಲ್ಲಿ ಹೆಂಡತಿಯ ಹೊತ್ತನ್ನು ಹಗುರಮಾಡುವುದೂ ಒಂದು ಕರ್ತವ್ಯವಾಗಿ ವಿಧಿಸಲ್ಪಟ್ಟಿತು. ಇಂದಿನ ಗಂಡಂದಿರು ಈ ಸಂದೇಶವನ್ನು ಓದಿಕೊಳ್ಳುವುದು ಒಳ್ಳೆಯದು.

ಆಮೇಲೆ ಲಕ್ಷ್ಮಣ ಚಿತ್ರಗಳನ್ನು ತೋರಿಸುತ್ತಾನೆ. ಮಿಥಿಲೆಯ ಮದುವೆ, ವನವಾಸ, ದಂಡಕಾರಣ್ಯ, ಗೋದಾವರಿ. ಸೀತೆ ಮದುವೆಯ ಚಿತ್ರದಲ್ಲಿ ಊರ್ಮಿಳೆಯನ್ನು ತೋರಿಸಿ ಇವಳು ಯಾರೆಂದು ಮೈದುನನನ್ನು ಕೀಟಲೆ ಮಾಡುತ್ತಾಳೆ. ಅವನು ನಾಚಿ ಮಾತು ತಪ್ಪಿಸುತ್ತಾನೆ. ಶೂರ್ಪನಖಿಯ ಚಿತ್ರ ಬಂದಾಗ ಹೆದರುತ್ತಾಳೆ. ಹುಟ್ಟಲಿರುವ ಮಕ್ಕಳ ಮಾತು ಅಲ್ಲಿ ಹೆಚ್ಚಿಲ್ಲ. ಅವಳು ನೋಡುತ್ತಿರುವುದು ತನ್ನ ಹಿಂದಿನ ಬಾಳನ್ನು. ತಾಯಿಯಾಗುವ ಮುನ್ನ, ತಾನು ಈವರೆಗೆ ಯಾರಾಗಿದ್ದೆನೆಂಬುದನ್ನು ಹೆಣ್ಣು ಒಮ್ಮೆ ಪೂರ್ತಿಯಾಗಿ ನೋಡಿಕೊಳ್ಳಬಯಸುತ್ತಾಳೆಂಬುದನ್ನು ಭವಭೂತಿ ಬಲ್ಲವನಾಗಿದ್ದ. ಆಶ್ಚರ್ಯವೆಂದರೆ ಹೆಂಗಸರು ಇಂದಿಗೂ ಇದನ್ನೇ ಮಾಡುತ್ತಾರೆ. ಕಪಾಟಿನಲ್ಲಿದ್ದ ಹಳೆಯ ಕಾಗದಗಳನ್ನು ತೆಗೆಯುತ್ತಾರೆ, ಫೋಟೋಗಳನ್ನು ಜೋಡಿಸುತ್ತಾರೆ, ಎಂದೋ ಬಿಟ್ಟ ಗೆಳತಿಗೆ ಪತ್ರ ಬರೆಯುತ್ತಾರೆ. ಇದಕ್ಕೆ ನಾವು ಕಾಲಹರಣವೆಂದು ಹೆಸರಿಡುತ್ತೇವೆ.

ಮುಂದಿನದು ಎಲ್ಲರಿಗೂ ತಿಳಿದದ್ದೇ. ಚಿತ್ರಗಳನ್ನು ಕಂಡ ಸೀತೆಗೆ ಮತ್ತೆ ಕಾಡಿನಲ್ಲಿ ಅಲೆಯಬೇಕು, ಭಾಗೀರಥಿಯಲ್ಲಿ ಮೀಯಬೇಕು ಎಂಬ ಬಯಕೆಯಾಗುತ್ತದೆ. ರಥ ಸಿದ್ಧವಾಗುತ್ತದೆ. ದಣಿದ ಅವಳು ರಾಮನ ತೋಳಿನ ಮೇಲೆ ಮಲಗಿ ನಿದ್ರಿಸುತ್ತಿರುವಾಗ ದುರ್ಮುಖ ಊರ ಮಾತನ್ನು ತರುತ್ತಾನೆ. ಬಯಕೆಗೆಂದು ಹೂಡಿದ ರಥವೇ ಅವಳನ್ನು ಕಾಡಿಗೆ ಬಿಟ್ಟುಬರುತ್ತದೆ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿಯೂ ಆ ಬಯಕೆಯೇ ನೆಪ. ತಲೆಮಾರುಗಳಿಂದ ಕನ್ನಡಿಗರು ಗಮಕಿಯ ಬಾಯಲ್ಲಿ ಆ ಭಾಗವನ್ನು ಕೇಳಿ ಕಣ್ಣೀರು ಹಾಕಿದ್ದಾರೆ. ಬಸುರಿಯ ಬಯಕೆಯನ್ನು ವಿಚಾರಿಸಿದವರೇ ಅದನ್ನು ತಮ್ಮ ಕಾರ್ಯಕ್ಕೆ ಬಳಸಿಕೊಂಡರೆಂಬುದು ಆ ಕಣ್ಣೀರಿನ ಒಂದು ಕಾರಣವಿರಬೇಕು. ಹಳಗನ್ನಡದ ಪುರಾಣಕಾವ್ಯಗಳಲ್ಲಿ ವೀರನನ್ನು ಹೊತ್ತ ರಾಣಿ ಕನ್ನಡಿಯನ್ನು ಬಿಟ್ಟು ಕತ್ತಿಯ ಅಲಗಿನಲ್ಲಿ ಮುಖ ನೋಡಿಕೊಳ್ಳುವುದುಂಟು. ವರ್ಣನೆ ಸೊಗಸಾಗಿದೆ. ಆದರೆ ಅದು ಅವಳ ಬಯಕೆಯಲ್ಲ. ಹೊಟ್ಟೆಯೊಳಗಿನ ಚಕ್ರವರ್ತಿಯ ಬಯಕೆ.

ಆ ಚಕ್ರವರ್ತಿ ಈಗ ಮತ್ತೊಂದು ವೇಷದಲ್ಲಿ ಬಂದಿದ್ದಾನೆ. ಪಟ್ಟಣಗಳಲ್ಲಿ ‘ಗರ್ಭಸಂಸ್ಕಾರ’ದ ತರಗತಿಗಳು ನಡೆಯುತ್ತಿವೆ. ಇಂಥ ರಾಗ ಕೇಳಬೇಕು, ಇಂಥ ಶ್ಲೋಕ ಹೇಳಬೇಕು, ಹೀಗೆ ಯೋಚಿಸಬೇಕು. ಮಗು ಬುದ್ಧಿಶಾಲಿಯಾಗುತ್ತದೆಯೆಂಬ ಆಶ್ವಾಸನೆ. ಸಾಕ್ಷಿಗೆ ಅಭಿಮನ್ಯುವನ್ನು ಕರೆಯುತ್ತಾರೆ. ಗರ್ಭದಲ್ಲಿ ಪಾಠ ಅರ್ಧ ಕೇಳಿದ್ದರಿಂದಲೇ ಅವನು ವ್ಯೂಹದಿಂದ ಹೊರಬರಲಾಗದೆ ಸತ್ತನೆಂಬುದನ್ನು ಯಾರೂ ನೆನೆಯುವುದಿಲ್ಲ! ಗರ್ಭಸ್ಥ ಶಿಶು ಕೇಳುವುದೇ ಇಲ್ಲವೆಂದು ನನ್ನ ಅಭಿಪ್ರಾಯವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಆಂತನಿ ಡಿಕ್ಯಾಸ್ಪರ್ ಮತ್ತು ಮೆಲನಿ ಸ್ಪೆನ್ಸ್ 1986ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಗರ್ಭಿಣಿಯರು ಕೊನೆಯ ಸುಮಾರು 6 ವಾರ ದಿನಕ್ಕೆ ಎರಡು ಸಲ ಮಕ್ಕಳ ಕಥೆಯ ಒಂದು ಭಾಗವನ್ನು ಗಟ್ಟಿಯಾಗಿ ಓದಿದರು. ಹುಟ್ಟಿದ ಮೇಲೆ ಕೂಸುಗಳು, ಮೊಲೆತೊಟ್ಟಿನಂಥ ಸಾಧನವನ್ನು ಚೀಪುವ ವೇಗವನ್ನು ಬದಲಿಸಿಕೊಂಡು, ಹೊಸ ಕಥೆಗಿಂತ ಆ ಪರಿಚಿತ ಕಥೆಯನ್ನೇ ಆರಿಸಿಕೊಂಡವು. ಬೇರೆ ಹೆಂಗಸಿನ ಧ್ವನಿಯಲ್ಲಿಯೂ ಅದನ್ನು ಗುರುತಿಸಿದವು. ಅವುಗಳಿಗೆ ಅರ್ಥ ತಲುಪಿರಲಾರದು. ಮಾತಿನ ಲಯ ತಲುಪಿತ್ತು. ಆದುದರಿಂದ ನಾನು ಆ ಅಧ್ಯಾಪಿಕೆಗೆ ಹೇಳಿದ್ದು ಇಷ್ಟೆ: ನಿಮಗೆ ಪ್ರಿಯವಾದುದನ್ನು ಗಟ್ಟಿಯಾಗಿ ಓದಿ. ಕುಮಾರವ್ಯಾಸನ ಷಟ್ಪದಿಯಾಗಲಿ, ಪತ್ತೇದಾರಿ ಕಾದಂಬರಿಯಾಗಲಿ, ಎರಡೂ ಸರಿಯೇ. ಕೂಸಿಗೆ ಪಾಠವೆಂದು ಮಾತ್ರ ಓದಬೇಡಿ. ಅದಕ್ಕೆ ಮುಂದೆ ಶಾಲೆಯುಂಟು.

ಈ ವಾರಗಳು ಸುಖದ ವಾರಗಳೆಂದು ಯಾರೂ ಭ್ರಮಿಸಬೇಕಾಗಿಲ್ಲ. ಎದೆ ಉರಿ, ನಿದ್ರೆಯಿಲ್ಲದ ರಾತ್ರಿ, ಯಾವ ಮಗ್ಗುಲಿಗೆ ತಿರುಗಿದರೂ ಸಮಾಧಾನವಿಲ್ಲ. ವೈದ್ಯರು ಕೊಡುವ ತಾರೀಖು 280 ದಿನಗಳ ಗಣನೆ. ಸರಿಯಾಗಿ ಆ ದಿನವೇ ಹುಟ್ಟುವ ಕೂಸುಗಳು ನೂರಕ್ಕೆ ನಾಲ್ಕೈದು. ಉಳಿದವು ತಮ್ಮಿಷ್ಟದಂತೆ ಬರುತ್ತವೆ. ಇದನ್ನರಿಯದ ಬಂಧುಗಳು ದಿನಕ್ಕೆರಡು ಸಲ ಫೋನು ಮಾಡಿ “ಇನ್ನೂ ಆಗಲಿಲ್ಲವೆ?” ಎಂದು ಕೇಳುತ್ತಾರೆ. ಕನ್ನಡದಲ್ಲಿ ಬಯಕೆಯ ಹಾಡುಗಳುಂಟು, ಜೋಗುಳಗಳಂತೂ ರಾಶಿ. ಅವೆರಡರ ನಡುವಣ ಈ ವಾರಗಳನ್ನು ಒಳಗಿನಿಂದ ಕಂಡು ಬರೆದ ಗದ್ಯ ನನ್ನ ಓದಿಗೆ ಬಂದುದು ತೀರ ಕಡಿಮೆ. ಡಾ. ಅನುಪಮಾ ನಿರಂಜನರ ‘ತಾಯಿ-ಮಗು’ ಒಂದು ತಲೆಮಾರಿನ ಹೆಂಗಸರಿಗೆ ಧೈರ್ಯ ಕೊಟ್ಟ ಪುಸ್ತಕ. ಆದರೆ ಅದು ವೈದ್ಯೆಯೊಬ್ಬಳ ಮಾತು. ‘ಶರಪಂಜರ’ದಲ್ಲಿ ಬಾಣಂತಿಯ ಕದಡಿದ ಮನಸ್ಸನ್ನು ಚಿತ್ರಿಸಿದ ತ್ರಿವೇಣಿಯವರು ಬರೆಯಬಹುದಾಗಿತ್ತು. 1963ರಲ್ಲಿ ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು.

ಹೆರಿಗೆಯ ಮುನ್ನಿನ ರಜೆಯನ್ನು ಅನಂತರದ ಗಂಟಿನಿಂದ ಬೇರ್ಪಡಿಸಬೇಕೆಂಬುದು ನನ್ನ ಅಭಿಪ್ರಾಯ. ಜರ್ಮನಿಯಲ್ಲಿ ಮುನ್ನ 6 ವಾರ, ಅನಂತರ 8 ವಾರ. ಕೂಸು ತಡವಾಗಿ ಬಂದಿತೆಂದು ಅನಂತರದ 8 ಕುಗ್ಗುವುದಿಲ್ಲ. ನಮ್ಮಲ್ಲಿ ಸಂಬಳದ ಹೊರೆಯೆಲ್ಲ ಮಾಲೀಕನ ಮೇಲಿರುವುದರಿಂದ, ವಾರ ಹೆಚ್ಚಿಸಿದರೆ ಮದುವೆಯಾದ ಹುಡುಗಿಗೆ ಕೆಲಸವನ್ನೇ ಕೊಡುವುದಿಲ್ಲವೆಂದು ಕೆಲವರು ಹೆದರಿಸುತ್ತಾರೆ. ಅದು ಹುಸಿ ಹೆದರಿಕೆಯಲ್ಲ. ಹೊರೆಯಲ್ಲಿ ಸರ್ಕಾರ ಪಾಲು ಹೊರಬೇಕು. ಹತ್ತು ಮಂದಿ ಕೆಲಸಗಾರರಿಲ್ಲದ ಅಂಗಡಿಯಲ್ಲಿರುವವಳಿಗೆ, ನಾಲ್ಕು ಮನೆಯ ಪಾತ್ರೆ ತೊಳೆಯುವವಳಿಗೆ, ಗದ್ದೆಯಲ್ಲಿ ಬಗ್ಗಿ ಕಳೆ ಕೀಳುವವಳಿಗೆ ಈ ವಾರಗಳ ಲೆಕ್ಕವೇ ತಲುಪಿಲ್ಲವೆಂಬುದು ಇನ್ನೂ ದೊಡ್ಡ ಮಾತು. ಅದನ್ನು ಬೇರೆಯಾಗಿಯೇ ಬರೆಯಬೇಕು. ಕಾಯಿದೆ ಬದಲಾಗುವವರೆಗೆ ನಮ್ಮ ಕಾಲೇಜುಗಳು ಕೈಕಟ್ಟಿ ಕೂರಬೇಕಾದ್ದಿಲ್ಲ. ಎಂಟನೆಯ ತಿಂಗಳು ಕಳೆದ ಅಧ್ಯಾಪಿಕೆಗೆ ಮೌಲ್ಯಮಾಪನದ ಕೆಲಸ ಹಾಕದಿರುವುದಕ್ಕೆ, ಅವಳಾಗಿ ಕೇಳುವ ಮುನ್ನವೇ ತರಗತಿಯಲ್ಲಿ ಒಂದು ಕುರ್ಚಿ ಹಾಕಿಸುವುದಕ್ಕೆ ಪ್ರಾಂಶುಪಾಲರ ಒಂದು ಸಾಲಿನ ಆದೇಶ ಸಾಕು.