ಗೋಡೆಯಿಲ್ಲದ ಕೋಣೆಗಳು

ಗಳಗನಾಥದಲ್ಲಿ ವರದೆಯು ತುಂಗಭದ್ರೆಯನ್ನು ಕೂಡಿದ ಮೇಲೆ ಯಾವ ನೀರು ಯಾವುದೆಂದು ಬೇರ್ಪಡಿಸಿ ತೋರಿಸಲಾಗದು. ಆದರೆ ಸಾರಿನ ಮೇಲಿನ ಒಗ್ಗರಣೆಯ ಎಣ್ಣೆ ಎಷ್ಟು ಕಲಕಿದರೂ ಹನಿಹನಿಯಾಗಿಯೇ ಉಳಿಯುತ್ತದೆ. ನಮ್ಮ ಜೀವಕೋಶದೊಳಗೂ ಈ ಎರಡನೆಯ ಬಗೆಯ ವ್ಯಾಪಾರ ನಡೆದಿದೆ ಎಂಬುದು ಇತ್ತೀಚಿನ ಜೀವವಿಜ್ಞಾನದ ಮಹತ್ವದ ತಿಳಿವು.

2009ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಕ್ಲಿಫರ್ಡ್ ಬ್ರ್ಯಾಂಗ್‌ವಿನ್, ಆಂಟನಿ ಹೈಮನ್ ಹಾಗೂ ಸಂಗಡಿಗರು ಸಣ್ಣ ಹುಳುವೊಂದರ ಭ್ರೂಣದಲ್ಲಿ ಕೆಲವು ಕಣಗಳು ದ್ರವದ ಹನಿಗಳಂತೆ ಹರಿದು, ಒಂದರೊಡನೊಂದು ಬೆರೆಯುವುದನ್ನು ಕಂಡರು. ಪ್ರೋಟೀನು, ಆರ್‌ಎನ್‌ಎ ಮೊದಲಾದ ಅಣುಗಳು ಒಂದನ್ನೊಂದು ಮೆಲ್ಲಗೆ ಸೆಳೆಯುತ್ತವೆ. ಒಂದು ಮಿತಿಗಿಂತ ದಟ್ಟವಾದಾಗ ಪೊರೆಯಿಲ್ಲದೆಯೇ ಹನಿಗಟ್ಟುತ್ತವೆ. ಸನ್ನಿವೇಶ ಬದಲಾದರೆ ಕರಗುತ್ತವೆ. ಕೋಶದ ಎಷ್ಟೋ ಕಾರ್ಯಗಳು ಗೋಡೆಯಿಲ್ಲದ ಈ ಕೋಣೆಗಳಲ್ಲಿ ಸಾಗುತ್ತವೆ.

ಹನಿಯು ಹನಿಯಾಗಿರುವವರೆಗೆ ಕ್ಷೇಮ. ನರಗಳನ್ನು ಕ್ಷೀಣಗೊಳಿಸುವ ಎ.ಎಲ್.ಎಸ್. ರೋಗಕ್ಕೆ ಸಂಬಂಧಿಸಿದ ಎಫ್‌ಯುಎಸ್ ಎಂಬ ಪ್ರೋಟೀನಿನ ಹನಿಗಳು ಕಾಲಕ್ರಮದಲ್ಲಿ ಗಟ್ಟಿಯಾಗುವುದನ್ನು 2015ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಲಾಯಿತು. ಆ ಪ್ರೋಟೀನಿನಲ್ಲಿ ರೋಗಕಾರಕ ದೋಷವಿದ್ದರೆ ಈ ಬದಲಾವಣೆ ಇನ್ನೂ ಬೇಗ. ಹೆಪ್ಪಾದ ಮೊಸರು ಮತ್ತೆ ಹಾಲಾಗದಷ್ಟೆ.

ಇಲ್ಲಿ ನಮ್ಮದೊಂದು ಮಾತಿದೆ. ಇಂಥ ಶೋಧ ಹೊರಬಂದೊಡನೆ ‘ಇದೇ ನಮ್ಮ ಆಮ’ ಎನ್ನುವ ಆತುರ ನಮ್ಮ ವೈದ್ಯಬಂಧುಗಳಲ್ಲಿ ಮೂಡುವುದುಂಟು. ಆಮವೆಂಬ ವಿಚಾರ ಅಗ್ನಿಮಾಂದ್ಯವನ್ನೂ ರೋಗಿಯ ಲಕ್ಷಣಗಳನ್ನೂ ನೋಡಿ ಹುಟ್ಟಿದುದು. ಹನಿಗಳ ವಿಚಾರ ಸೂಕ್ಷ್ಮದರ್ಶಕದಿಂದ ಹುಟ್ಟಿದುದು. ಎರಡನ್ನೂ ಒಂದೆಂದರೆ ಎರಡಕ್ಕೂ ಅನ್ಯಾಯ. ಚರಕಾಚಾರ್ಯರ ಹಿರಿಮೆಗೆ ಇಂಥ ಎರವಲು ಆಸರೆ ಬೇಕಿಲ್ಲ. ಈ ತಿಳಿವಿನಿಂದ ಹುಟ್ಟಿದ, ರೋಗವನ್ನು ವಾಸಿಮಾಡುವ ಔಷಧ ಯಾವ ಪದ್ಧತಿಯಲ್ಲೂ ಇನ್ನೂ ಇಲ್ಲ. ‘ಮೆದುಳಿನ ಗಂಟು ಕರಗಿಸುತ್ತೇವೆ’ ಎನ್ನುವವರಿಗಾಗಿ ಭಕ್ತ ಬಂಧುಗಳು ಹೊಲ ಒತ್ತೆಯಿಡಬಾರದು.

ಹಾಗೆಂದು ಕೈಕಟ್ಟಿ ಕೂಡುವುದೂ ಸಲ್ಲದು. ಹಿರಿಯರ ಮರೆವನ್ನು ‘ಅರವತ್ತಕ್ಕೆ ಅರಳು ಮರಳು’ ಎಂದು ತಳ್ಳಿಹಾಕದಿರಿ. ಥೈರಾಯ್ಡ್ ದೋಷದಿಂದಲೂ, ಸಸ್ಯಾಹಾರಿಗಳಾದ ನಮ್ಮಲ್ಲಿ ಬರಬಹುದಾದ ಬಿ12 ಕೊರತೆಯಿಂದಲೂ ಮರೆವು ಉಂಟಾಗುತ್ತದೆ. ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಚಿಕಿತ್ಸೆಯೂ ಇದೆ. ಕೈ ಸೋಲುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಕಂಡರೆ ನರರೋಗ ತಜ್ಞರಲ್ಲಿಗೆ, ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ, ತಡಮಾಡದೆ ಕರೆದೊಯ್ಯಿರಿ. ಮಾತು ಹಠಾತ್ತನೆ ತೊದಲಿದರಂತೂ ಅದು ಪಾರ್ಶ್ವವಾಯು ಇರಬಹುದು. ಆ ಗಳಿಗೆಯಲ್ಲೇ ಸಮೀಪದ ದೊಡ್ಡ ಆಸ್ಪತ್ರೆಗೆ ಸಾಗಿಸಿರಿ.

ಪಥ್ಯ, ಅಭ್ಯಂಗ, ನಿದ್ರೆ, ಸಾಂತ್ವನ: ಇವುಗಳಿಂದ ರೋಗಿಯ ದಿನಗಳನ್ನು ಹಗುರಗೊಳಿಸುವುದು ಆಯುರ್ವೇದಕ್ಕೆ ಸಾಧ್ಯ. ಸಾಧ್ಯವಿರುವುದನ್ನು ಶ್ರದ್ಧೆಯಿಂದ ಮಾಡುವುದು, ಇಲ್ಲದ್ದನ್ನು ಇಲ್ಲವೆನ್ನುವುದು ವೈದ್ಯನ ಧರ್ಮವೆಂದು ನಾವು ನಂಬಿದ್ದೇವೆ.